ಸ್ಕ್ಯಾನ್ ನೋಡಿ ಸೊಂಟಕ್ಕೆ ಕತ್ತರಿ

ಟೆನಿಸ್ ಆಟಗಾರ ಆಂಡಿ ಮರ್ರೆ 2019ರ ಜನವರಿಯಲ್ಲಿ ಸೊಂಟದ ಕೀಲಿಗೆ ಲೋಹದ ಹೊದಿಕೆ ಹಾಕಿಸಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಆಂಟ್‌ವರ್ಪ್‌ನಲ್ಲಿ ಸ್ಟಾನ್ ವಾವ್ರಿಂಕಾ ಅವರನ್ನು ಸೋಲಿಸಿ ಸಿಂಗಲ್ಸ್ ಪ್ರಶಸ್ತಿ ಎತ್ತಿದರು. ಕ್ರೀಡಾಪಟುವಿನ ಸೊಂಟ ಕೆಟ್ಟರೆ ಆಪರೇಷನ್ನೇ ಗತಿ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಕತೆ ಸಿಗದು. ಆದರೆ ಕತೆಯ ಮೊದಲರ್ಧವನ್ನು ಯಾರೂ ಹೇಳುವುದಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ, 2018ರ ಜನವರಿಯಲ್ಲಿ, ಮರ್ರೆ ಮೆಲ್ಬರ್ನ್‌ನಲ್ಲಿ ಅದೇ ಸೊಂಟಕ್ಕೆ ಕೀಲು ಉಳಿಸುವ ಆಪರೇಷನ್ ಮಾಡಿಸಿಕೊಂಡಿದ್ದರು. ನೋವು ಹೋಗಿರಲಿಲ್ಲ. ಅವರನ್ನು ಮತ್ತೆ ಅಂಕಣಕ್ಕಿಳಿಸಿದ್ದು ಕೀಲನ್ನು ಉಳಿಸಿದ ವಿದ್ಯೆಯಲ್ಲ, ಅದರ ಸವೆದ ಮೇಲ್ಮೈಯನ್ನೇ ಕೆತ್ತಿ ತೆಗೆದು ಲೋಹ ಕೂರಿಸಿದ ವಿದ್ಯೆ.

ಕೀಲು ಉಳಿಸುವ ಹೆಸರಿನಲ್ಲಿ ಇವತ್ತು ಹೆಚ್ಚು ನಡೆಯುವುದು ಆರ್ತ್ರೋಸ್ಕೊಪಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್. ಅದರ ಹಿಂದಿನ ತರ್ಕ ಬರ್ನ್ ನಗರದ ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು 2003ರಲ್ಲಿ ಮಂಡಿಸಿದ್ದು: ತೊಡೆಮೂಳೆಯ ಕತ್ತಿನಲ್ಲಿ ಉಬ್ಬು ಇದ್ದರೆ, ಅಥವಾ ಆ ಮೂಳೆಯ ತಲೆ ಕೂರುವ ಬಟ್ಟಲಿನ ಅಂಚು ಮುಂದಕ್ಕೆ ಚಾಚಿದ್ದರೆ, ಕಾಲು ಮಡಚಿದಾಗಲೆಲ್ಲ ಎರಡೂ ತಾಕಿ ಅಂಚಿನ ಮೆತ್ತನೆಯ ಪಟ್ಟಿ, ಲೇಬ್ರಮ್, ಹರಿಯುತ್ತದೆ, ಕಾಲಾಂತರದಲ್ಲಿ ಕೀಲು ಸವೆಯುತ್ತದೆ. ತರ್ಕದಲ್ಲಿ ತಪ್ಪಿಲ್ಲ. ತಪ್ಪಿರುವುದು ಅದನ್ನು ಎಂಆರ್‌ಐ ವರದಿಗೆ ಗಂಟು ಹಾಕಿದ ರೀತಿಯಲ್ಲಿ. ಸೊಂಟದಲ್ಲಿ ಯಾವ ನೋವೂ ಇಲ್ಲದ 45 ಸ್ವಯಂಸೇವಕರನ್ನು ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 69 ಮಂದಿಯ ಲೇಬ್ರಮ್ ಹರಿದಿತ್ತು! ಅಂದಮೇಲೆ ತೊಡೆಸಂದು ನೋಯುವ ಫುಟ್‌ಬಾಲ್ ಆಟಗಾರನ ವರದಿಯಲ್ಲಿ ‘ಲೇಬ್ರಲ್ ಟೇರ್’ ಎಂದು ಕಂಡರೆ ಅದೇ ಅವನ ನೋವಿನ ಮೂಲ ಎಂದು ಹೇಳಲು ಧೈರ್ಯ ಬೇಕು. ಆ ಧೈರ್ಯಕ್ಕೆ ಬರವಿಲ್ಲ.

ಕೈಯಿಂದ ಮಾಡುವ ಪರೀಕ್ಷೆಯಾದರೂ ನೆರವಿಗೆ ಬರುತ್ತದೆಯೇ? ಆಟಗಾರ ಅಂಗಾತ ಮಲಗುತ್ತಾನೆ. ವೈದ್ಯರು ಅವನ ಸೊಂಟವನ್ನು 90 ಡಿಗ್ರಿ ಮಡಚಿ, ಮಂಡಿಯನ್ನು ಎದುರು ಭುಜದ ಕಡೆಗೆ ಒತ್ತಿ, ಪಾದವನ್ನು ಹೊರಕ್ಕೆ ತಿರುಗಿಸುತ್ತಾರೆ. ನೋವಾಯಿತೇ? ಆಯಿತು. ಇಷ್ಟು ತಿರುಚಿದರೆ ಬಹಳ ಮಂದಿಗೆ ಆಗುತ್ತದೆ. ನೋವಾಗದಿದ್ದರೆ ತೊಂದರೆ ಕೀಲಿನದಲ್ಲ ಎಂದು ಬದಿಗಿಡಲು ಈ ಪರೀಕ್ಷೆ ಚೆನ್ನಾಗಿದೆ. ನೋವಾದರೆ ಅದು ಹೇಳುವುದು ಅತ್ಯಲ್ಪ. 2016ರ ವಾರ್ವಿಕ್ ಒಪ್ಪಂದ ಇದನ್ನು ತಿಳಿದೇ ರೋಗಲಕ್ಷಣ, ದೈಹಿಕ ಪರೀಕ್ಷೆ, ಚಿತ್ರ ಈ ಮೂರೂ ಕೂಡಿಬಂದರೆ ಮಾತ್ರ ಈ ತಾಕಾಟವನ್ನು ರೋಗವೆನ್ನಿ ಎಂದಿತು. ಒಪ್ಪಂದವನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಸ್ಕ್ಯಾನ್ ಮಾತ್ರ ಮೊದಲು ಬರೆದುಕೊಡುತ್ತಾರೆ.

ಆರ್ತ್ರೋಸ್ಕೊಪಿಯ ಪರವಾಗಿ ಎಲ್ಲರೂ ಮುಂದಿಡುವ ದಾಖಲೆ 2018ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಯುಕೆ ಫ್ಯಾಶನ್ ಪ್ರಯೋಗ. ಬ್ರಿಟನ್ನಿನ 23 ಆಸ್ಪತ್ರೆಗಳ 348 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಆಪರೇಷನ್, ಉಳಿದವರಿಗೆ ಫಿಸಿಯೋಥೆರಪಿ. ವರ್ಷದ ಕೊನೆಗೆ 33 ಪ್ರಶ್ನೆಗಳ, ನೂರು ಅಂಕಗಳ ಪ್ರಶ್ನಾವಳಿಯಲ್ಲಿ, ಆರಂಭದ ಅಂಕಗಳ ವ್ಯತ್ಯಾಸವನ್ನು ಸರಿಹೊಂದಿಸಿದ ಮೇಲೆ, ಆಪರೇಷನ್ ಗುಂಪು 6.8 ಅಂಕ ಮುಂದಿತ್ತು. ರೋಗಿಗೆ ಅನುಭವಕ್ಕೆ ಬರುವ ಕನಿಷ್ಠ ವ್ಯತ್ಯಾಸ 6.1 ಎಂದು ಸಂಶೋಧಕರು ಇಟ್ಟುಕೊಂಡಿದ್ದರು. ಸಮ್ಮೇಳನಗಳಲ್ಲಿ ‘ಗೆದ್ದೆವು’ ಎಂಬ ಸ್ಲೈಡು ಬಂತು.

ಈ 6.8ರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಅನಿಶ್ಚಿತತೆ ಸೇರಿಸಿದರೆ ನಿಜವಾದ ವ್ಯತ್ಯಾಸ 1.7 ಇರಬಹುದು, 12 ಕೂಡ ಇರಬಹುದು. 1.7 ಯಾವ ರೋಗಿಯ ಅರಿವಿಗೂ ಬರುವ ಅಂತರವಲ್ಲ. ಅದಕ್ಕಿಂತ ಮುಖ್ಯವಾದದ್ದು, ಆಪರೇಷನ್ ಆದವರು ವರ್ಷದ ನಂತರ ಮುಟ್ಟಿದ ಸರಾಸರಿ 58.8. ಫಿಸಿಯೋ ಗುಂಪಿನದು 49.7. ನೂರಕ್ಕೆ ಐವತ್ತೊಂಬತ್ತು ಪಡೆದ ಸೊಂಟ ಮೆಟ್ಟಿಲು ಹತ್ತಲು ಸಾಕಾದೀತು; ಪೆನಾಲ್ಟಿ ಬಾಕ್ಸಿನಲ್ಲಿ ತಿರುಗಿ ಒದೆಯಲು? ಈ ಪ್ರಯೋಗದವರು ಬಹುತೇಕ ಸಾಮಾನ್ಯ ರೋಗಿಗಳು, ಸರಾಸರಿ ವಯಸ್ಸು ಮೂವತ್ತೈದರ ಆಸುಪಾಸು. ಅದರ ಫಲವನ್ನು 22ರ ವೃತ್ತಿಪರ ಆಟಗಾರನಿಗೆ ಹಾಗೇ ತೊಡಿಸುವುದು ವಿಜ್ಞಾನವಲ್ಲ, ಮಾರಾಟ. ಸುಳ್ಳು ಆಪರೇಷನ್ನಿನ ಹೋಲಿಕೆಯೂ ಇದರಲ್ಲಿರಲಿಲ್ಲ. ಹಾಗಾಗಿ 6.8ರಲ್ಲಿ ಕತ್ತರಿಯ ಪಾಲೆಷ್ಟು, ‘ನನಗೆ ಆಪರೇಷನ್ ಆಯಿತು’ ಎಂಬ ನಂಬಿಕೆಯ ಪಾಲೆಷ್ಟು ಎಂದು ಬಿಡಿಸಲಾಗದು. ಮೊದಲ ವರ್ಷದ ಖರ್ಚಿನ ಲೆಕ್ಕವೂ ಶಸ್ತ್ರಚಿಕಿತ್ಸೆಗೆ ಒಲಿಯಲಿಲ್ಲ.

ಶಸ್ತ್ರಚಿಕಿತ್ಸಕರ ಒಂದು ತಕರಾರು ಮಾತ್ರ ನ್ಯಾಯವಾದದ್ದು. ಗುಂಪು ನಿಗದಿಯಾದ ಮೇಲೆ ಆಪರೇಷನ್ನಿಗೆ ಸುಮಾರು ನಾಲ್ಕು ತಿಂಗಳು ಕಾಯಬೇಕಾದ್ದರಿಂದ ಆ ಗುಂಪಿನ ರೋಗಿಗಳಿಗೆ ಚೇತರಿಕೆಗೆ ಪೂರ್ತಿ ವರ್ಷ ಸಿಗಲಿಲ್ಲ. ಒಪ್ಪೋಣ. ಎದುರು ಪಾಳಯದ ಕಸರತ್ತು ಇದಕ್ಕಿಂತ ಕೆಟ್ಟದ್ದು. ಆಪರೇಷನ್ ಬರೀ ಭ್ರಮೆ ಎನ್ನುವ ವಿಮರ್ಶಕರು ಅಮೆರಿಕದ ಸೈನಿಕ ವಲಯದ 80 ಮಂದಿಯ ಮೇಲೆ ನಡೆದ ಪ್ರಯೋಗವನ್ನು ಎತ್ತಿ ತೋರಿಸುತ್ತಾರೆ: ಎರಡು ವರ್ಷದ ನಂತರ ಎರಡೂ ಗುಂಪು ಸಮ. ಆದರೆ ಅಲ್ಲಿ ಫಿಸಿಯೋ ಗುಂಪಿನ ಹೆಚ್ಚಿನವರು ನಡುವೆಯೇ ಆಪರೇಷನ್ ಮಾಡಿಸಿಕೊಂಡಿದ್ದರು. ಆಪರೇಷನ್ನನ್ನು ಆಪರೇಷನ್ನಿಗೇ ಹೋಲಿಸಿ ‘ವ್ಯತ್ಯಾಸವಿಲ್ಲ’ ಎಂದು ಬೀಗುವುದು ವಿಮರ್ಶೆಯಾಗದು. ಫ್ಯಾಶನ್ ಪ್ರಯೋಗದ ಫಿಸಿಯೋ ಕೂಡ ಆರರಿಂದ ಹತ್ತು ಭೇಟಿಗಳದ್ದು. ವೃತ್ತಿಪರ ಆಟಗಾರನಿಗೆ ಅಷ್ಟು ಭೇಟಿ ಎರಡು ವಾರದಲ್ಲಿ ಮುಗಿಯುತ್ತದೆ. ಎರಡು ಕಡೆಯವರೂ ಜಗಳವಾಡುತ್ತಿರುವುದು ಕ್ರೀಡಾಪಟುವನ್ನು ಹೊರಗೆ ನಿಲ್ಲಿಸಿ.

ಈ ಗಲಾಟೆಯಲ್ಲಿ ಮರೆಯಾದದ್ದು ಡೆನ್ಮಾರ್ಕ್‌ನ ಪೆರ್ ಹೋಲ್ಮಿಚ್ ಅವರ 1999ರ ಪ್ರಯೋಗ. ತೊಡೆಸಂದಿನ ಹಳೆಯ ನೋವಿದ್ದ 68 ಕ್ರೀಡಾಪಟುಗಳು ಅದರಲ್ಲಿದ್ದರು. ಒಂದು ಗುಂಪಿಗೆ ಮಸಾಜು, ಲೇಸರು, ಸ್ಟ್ರೆಚಿಂಗು. ಇನ್ನೊಂದಕ್ಕೆ ಒಳತೊಡೆಯ ಅಡಕ್ಟರ್ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ಪ್ರಯೋಗ ಮುಗಿಸಿದವರ ಪೈಕಿ ವ್ಯಾಯಾಮದ ಗುಂಪಿನ 29ರಲ್ಲಿ 23 ಮಂದಿ ನೋವಿಲ್ಲದೆ ಆಟಕ್ಕೆ ಮರಳಿದರು. ಇನ್ನೊಂದರಲ್ಲಿ 30ಕ್ಕೆ ನಾಲ್ವರು. ಇಷ್ಟು ದೊಡ್ಡ ಅಂತರ ಕ್ರೀಡಾವೈದ್ಯದಲ್ಲಿ ಅಪರೂಪ. 2014ರಲ್ಲಿ ದೋಹಾದಲ್ಲಿ ಸೇರಿದ 14 ದೇಶಗಳ 24 ತಜ್ಞರು ತೊಡೆಸಂದಿನ ನೋವನ್ನು ವಿಂಗಡಿಸಿದ್ದು ಯಂತ್ರವಿಲ್ಲದೆ. ಅಡಕ್ಟರ್ ಸ್ನಾಯುವನ್ನು ಬೆರಳಿನಿಂದ ಒತ್ತಿದಾಗ ನೋವು, ವೈದ್ಯರ ತಡೆಗೆ ಎದುರಾಗಿ ಕಾಲುಗಳನ್ನು ಒಟ್ಟುಗೂಡಿಸುವಾಗಲೂ ಅದೇ ನೋವು ಎಂದರೆ ತಪ್ಪಿತಸ್ಥ ಅಡಕ್ಟರ್. ಆಗ ಲೇಬ್ರಮ್ ಹೊಲಿಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ನಮ್ಮ ಪತ್ರಿಕೆಗಳಿಗೆ ಈ ವಿಂಗಡಣೆ ಬೇಕಿಲ್ಲ. 2022ರಲ್ಲಿ ಕ್ರಿಕೆಟಿಗ ಕೆ.ಎಲ್. ರಾಹುಲ್ ತೊಡೆಸಂದಿನ ಗಾಯದಿಂದ ದಕ್ಷಿಣ ಆಫ್ರಿಕಾ ಸರಣಿ ತಪ್ಪಿಸಿಕೊಂಡು ಜರ್ಮನಿಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. 2023ರ ಮೇ ತಿಂಗಳಲ್ಲಿ ಐಪಿಎಲ್ ಆಡುವಾಗ ತೊಡೆಗೆ ಬೇರೆಯೇ ಗಾಯವಾಗಿ ಮತ್ತೊಂದು ಶಸ್ತ್ರಚಿಕಿತ್ಸೆ. 2024ರ ಮೇ ತಿಂಗಳಲ್ಲಿ ಅಡಕ್ಟರ್ ಬಿಗಿಯಾಯಿತೆಂದು ಮುಂಜಾಗ್ರತೆಯಿಂದ ಓಸ್ಟ್ರಾವಾ ಕೂಟ ಬಿಟ್ಟ ನೀರಜ್ ಚೋಪ್ರಾ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಜಾವೆಲಿನ್ ಅನ್ನು 89.45 ಮೀಟರ್ ಎಸೆದು ಬೆಳ್ಳಿ ಗೆದ್ದರು. ಅಂಗೈ ಅಗಲದ ಜಾಗದಲ್ಲಿ ಮೂರು ಗಾಯ, ಮೂರು ದಾರಿ. ಸುದ್ದಿಯಲ್ಲಿ ಮೂರೂ ‘ಫಿಟ್‌ನೆಸ್ ಸಮಸ್ಯೆ’.

ಹಾಗೆಂದು ಸ್ಕ್ಯಾನನ್ನೇ ಬಯ್ಯಲಾಗದು. ದೂರ ಓಟದವರ ತೊಡೆಮೂಳೆಯ ಕತ್ತಿನಲ್ಲಿ ಬಿಡುವ ಒತ್ತಡದ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು. ಅದು ಕತ್ತಿನ ಮೇಲುಬದಿಯಲ್ಲಿದ್ದು ಪೂರ್ತಿ ಮುರಿದರೆ ಮೂಳೆಯ ತಲೆಗೆ ರಕ್ತವೇ ನಿಂತುಹೋಗಬಹುದು. ಒಂಟಿಕಾಲಲ್ಲಿ ಕುಪ್ಪಳಿಸಲಾಗದ ಓಟಗಾರ್ತಿಗೆ ಅಂದೇ ಎಂಆರ್‌ಐ ಬೇಕು. ಬೆಳೆಯುವ ವಯಸ್ಸಿನ ಹುಡುಗನ ಸೊಂಟದ ಮೂಳೆಯ ತಲೆ ಜಾರಿದರೂ ಅವನು ಮಂಡಿ ನೋವೆಂದೇ ಹೇಳಬಹುದು. ಅಲ್ಲೂ ತಡ ಸಲ್ಲದು.

ಉಳಿದವರ ವಿಷಯದಲ್ಲಿ ತೀರ್ಪು ಸ್ಪಷ್ಟ. ಮೂರು ತಿಂಗಳು ಉಸ್ತುವಾರಿಯಲ್ಲಿ ಮಾಡಿದ ಗಟ್ಟಿ ವ್ಯಾಯಾಮ ವಿಫಲವಾದ ಮೇಲೆ, ಕೀಲು ಇನ್ನೂ ಸವೆಯದಿದ್ದರೆ, ಆರ್ತ್ರೋಸ್ಕೊಪಿಗೆ ಜಾಗವಿದೆ. ಅದಕ್ಕೆ ಮುಂಚೆ ಇಲ್ಲ. ನಾರ್ವೆಯ 35 ಅರೆವೃತ್ತಿಪರ ಫುಟ್‌ಬಾಲ್ ತಂಡಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದೇ ಒಂದು ವ್ಯಾಯಾಮ ತೊಡೆಸಂದಿನ ತೊಂದರೆಯ ಅಪಾಯವನ್ನು ಶೇ. 41ರಷ್ಟು ಇಳಿಸಿತು. ಆಟಗಾರ ಮಗ್ಗುಲಾಗಿ ಮೊಣಕೈ ಊರುತ್ತಾನೆ, ಜೊತೆಗಾರ ಅವನ ಮೇಲಿನ ಕಾಲು ಹಿಡಿದಿರುತ್ತಾನೆ, ಸೊಂಟವನ್ನೂ ಕೆಳಗಿನ ಕಾಲನ್ನೂ ಮೇಲೆತ್ತಿ ಇಳಿಸಬೇಕು. ಯಂತ್ರ ಬೇಡ, ಮೈದಾನ ಸಾಕು. ಶಾಲೆ, ಕಾಲೇಜು, ಕ್ಲಬ್ಬುಗಳ ತರಬೇತುದಾರರು ನಾಳೆಯ ಅಭ್ಯಾಸದಿಂದಲೇ ಇದನ್ನು ಸೇರಿಸಿಕೊಳ್ಳಲಿ.