ವೈದ್ಯರ ಬಲದೋಳು

ಗೋಪಾಳದ ನಮ್ಮ ಬೀದಿಯಲ್ಲಿ ಬೆಳಗಿನ ವಾಯುಸೇವನೆಗೆ ಹೊರಡುವ ನಿವೃತ್ತ ಪಶುವೈದ್ಯರೊಬ್ಬರ ಬಲದೋಳು ಎಡದೋಳಿಗಿಂತ ತುಸು ತಗ್ಗಿರುವುದನ್ನು ಕಂಡಾಗಲೆಲ್ಲ, ಅರ್ಧರಾತ್ರಿಯಲ್ಲಿ ಲಾಟೀನಿನ ಬೆಳಕಿಗೆ ಕೊಟ್ಟಿಗೆಯಲ್ಲಿ ಮಂಡಿಯೂರಿ, ಸಾಬೂನು ಸವರಿದ ತೋಳನ್ನು ಭುಜದವರೆಗೂ ಗರ್ಭದೊಳಗಿಳಿಸಿ, ಕತ್ತು ಹಿಂದಕ್ಕೆ ಹೊರಳಿಸಿಕೊಂಡ ಕರುವಿನ ಮೂತಿಯನ್ನು ಕೇವಲ ಸ್ಪರ್ಶದಿಂದ ಗುರುತಿಸಿ, ಬೇನೆಯ ಬಿಗಿತ ಇಳಿಯುವವರೆಗೆ ಕಾದು, ಮೆಲ್ಲನೆ ಅದನ್ನು ದಾರಿಗೆ ತರುವ ಆ ವಿದ್ಯೆಯ ವಿಷಯದಲ್ಲಿ ನನ್ನ ಗೌರವವು ಇಮ್ಮಡಿಸುತ್ತದೆ. ಕಣ್ಣಿಗೆ ಕಾಣದುದನ್ನು ಅಲ್ಲಿ ಬೆರಳೇ ಕಾಣಬೇಕು, ರೋಗಿಯೋ ಮೂಕಪ್ರಾಣಿ (ಒದೆಯುವಾಗ ಮಾತ್ರ ಮೂಕವಲ್ಲ!).

ಸರ್ಕಾರಿ ಸೇವೆಗೆ 60 ವರ್ಷದ ಗಡಿಯುಂಟಾದರೂ, ತೋಳು ಅದಕ್ಕೆ ಮೊದಲೇ ವಿಶ್ರಾಂತಿಗೆ ಅರ್ಜಿ ಹಾಕಿಕೊಳ್ಳುವುದುಂಟು. ಆಗ ಕೆಲವರು ಅಧ್ಯಾಪನಕ್ಕೋ ಪ್ರಯೋಗಾಲಯಕ್ಕೋ ಲೇಖನಕ್ಕೋ ತಿರುಗುವರು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರು ಕೊಳವೆ ಸುತ್ತಿ, 1888ರಲ್ಲಿ ಅದಕ್ಕೆ ಪೇಟೆಂಟು ಪಡೆದು, ಕಡೆಗೆ ವೃತ್ತಿಯನ್ನೇ ತೊರೆದನು.

ನಮ್ಮ ಹಿರಿಯರಿಗೆ ಅಂತಹ ಯೋಜನೆಯೇನೂ ಇಲ್ಲ. ಚಿಕಿತ್ಸೆಯನ್ನು ಬಿಟ್ಟೆನೆನ್ನುವ ಅವರು, ಮೊನ್ನೆ ಬೀದಿಯಲ್ಲಿದ್ದ ಮಲೆನಾಡು ಗಿಡ್ಡ ಹಸುವೊಂದರ ಬಳಿ ಮಾತಿನ ನಡುವೆಯೇ ನಿಂತು, ಅದರ ಎಡಪಕ್ಕೆಯ ಗುಳಿಗೆ ಮುಷ್ಟಿಯೊತ್ತಿ, ಗಡಿಯಾರ ನೋಡುತ್ತ ಹೊಟ್ಟೆಯ ಚಲನೆಯನ್ನು ಎಣಿಸಿದರು. “ಎರಡು ನಿಮಿಷಕ್ಕೆ ಮೂರು ಸಲ. ಹೊಟ್ಟೆ ಸರಿಯಾಗಿದೆ,” ಎಂದು ಪಂಚೆಗೆ ಕೈ ಒರೆಸಿಕೊಂಡರು.