ಯೇಸುವಿನ ನಾಮರೂಪಗಳು

ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಎಂಬ ಖಂಡಕಾವ್ಯದಲ್ಲಿ ಯೇಸುವಿನ ಕೊನೆಯ ದಿನವನ್ನು ಕನ್ನಡಿಗರ ಮುಂದಿಟ್ಟರು. ಕ್ರೈಸ್ತರಲ್ಲದವರು ಇಂಥ ಕಾವ್ಯವನ್ನೋದುವಾಗ ಮನಸ್ಸು ಕರುಣರಸದಿಂದ ಆರ್ದ್ರವಾಗುವುದು ಸಹಜವೇ. ಆದರೆ ಕರುಣೆಯೊಂದರಿಂದ ಅರ್ಥವು ಪೂರ್ಣವಾಗದು. ಯೇಸುವಿನ ನಾಮಗಳೂ ರೂಪಗಳೂ ಭಕ್ತರಿಗೆ ಏನನ್ನು ಹೇಳುತ್ತವೆಂಬುದನ್ನು ಅರಿಯದಿದ್ದರೆ, ನಾವು ಓದುವುದು ಒಬ್ಬ ಸಜ್ಜನನ ಮರಣವೃತ್ತಾಂತವನ್ನು ಮಾತ್ರ.

‘ಯೇಸು’ ಎಂಬುದು ಇಬ್ರಿಯ ಭಾಷೆಯಿಂದ ಬಂದ ಹೆಸರು. ಯೆಹೋವನೇ ರಕ್ಷಣೆ ಎಂಬುದು ಅದರ ತಾತ್ಪರ್ಯ. ‘ಕ್ರಿಸ್ತ’ ಎಂಬುದು ಮನೆತನದ ಹೆಸರಲ್ಲ. ‘ಮೆಸ್ಸೀಯ’ ಎಂಬ ಇಬ್ರಿಯ ಪದದ ಗ್ರೀಕ್ ರೂಪಾಂತರ, ಅಭಿಷಿಕ್ತನೆಂದು ಅರ್ಥ. ಪ್ರಾಚೀನ ಇಸ್ರಾಯೇಲರಲ್ಲಿ ಅರಸರಿಗೂ ಯಾಜಕರಿಗೂ ತೈಲಾಭಿಷೇಕವಾಗುತ್ತಿತ್ತು. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಇದು ‘ಪಂಕಜ’ದಂತೆ ಯೋಗರೂಢ: ಅವಯವಾರ್ಥವೂ ಉಳಿದಿದೆ, ಒಂದೇ ವಸ್ತುವಿನಲ್ಲಿ ನೆಲೆಯೂ ನಿಂತಿದೆ. ಯೋಗಾರ್ಥವನ್ನು ಬಿಟ್ಟು ಓದುವವನಿಗೆ ಮುಳ್ಳಿನ ಕಿರೀಟವು ಬರಿಯ ಹಿಂಸೆಯಾಗಿ ತೋರುತ್ತದೆ. ಸೈನಿಕರು ಅಪಹಾಸ್ಯಕ್ಕೆಂದು ಕಟ್ಟಿದ ಪಟ್ಟವೇ ಭಕ್ತನ ಕಣ್ಣಿಗೆ ನಿಜವಾದ ಪಟ್ಟವಾಯಿತೆಂಬುದು ಹೊಳೆಯುವುದಿಲ್ಲ.

‘ದೇವರ ಕುರಿಮರಿ’ ಎಂಬ ನಾಮವು ಇನ್ನೂ ಗಹನವಾದುದು. ಯೋಹಾನನ ಸುವಾರ್ತೆಯಲ್ಲಿ ಸ್ನಾನಿಕನಾದ ಯೋಹಾನನು ಯೇಸುವನ್ನು ಹೀಗೆ ಕರೆಯುತ್ತಾನೆ. ಸೌಮ್ಯತೆಯೇ ಇಲ್ಲಿ ಸಾಧಾರಣಧರ್ಮವೆಂದು ನಮ್ಮವರು ಎಣಿಸುವುದುಂಟು. ಅದು ಅಲ್ಪಾರ್ಥ. ಐಗುಪ್ತದ ದಾಸ್ಯದಿಂದ ಬಿಡುಗಡೆಯಾದ ರಾತ್ರಿ ಇಸ್ರಾಯೇಲರು ಮರಿಯ ರಕ್ತವನ್ನು ಬಾಗಿಲಿನ ನಿಲುವುಗಳಿಗೆ ಹಚ್ಚಿದರು. ಮೃತ್ಯುವು ಆ ಮನೆಗಳನ್ನು ದಾಟಿ ಹೋಯಿತು. ಪಸ್ಕ ಹಬ್ಬದ ಈ ಸ್ಮೃತಿಯೆಲ್ಲವೂ ಆ ಒಂದು ಪದದಲ್ಲಿದೆ. ‘ದೇವರ’ ಎಂಬ ಷಷ್ಠಿಯನ್ನೂ ವಿಚಾರಿಸಬೇಕು. ನಮ್ಮ ಗ್ರಾಮದೇವತೆಗಳ ಬಲಿಯಲ್ಲಿ ಪಶುವು ಭಕ್ತನದು, ಸ್ವೀಕರಿಸುವುದು ದೇವತೆ. ಇಲ್ಲಿ ಮರಿಯನ್ನು ಕೊಟ್ಟವನು ದೇವರೇ, ಪಡೆದವನು ಮನುಷ್ಯ. ದಾನದ ದಿಕ್ಕೇ ತಿರುಗಿತು. ಕ್ರೈಸ್ತನ ಕೃತಜ್ಞತೆಯ ಮೂಲವು ಇಲ್ಲಿದೆ.

ಮರಿಯೆಂದು ಕರೆಸಿಕೊಂಡವನೇ ‘ಒಳ್ಳೇ ಕುರುಬ’ನೂ ಆಗಿದ್ದಾನೆ. ಆಲಂಕಾರಿಕನು ಇದನ್ನು ರೂಪಕದೋಷವೆಂದಾನು. ಭಕ್ತನಿಗಾದರೋ ಈ ವಿರೋಧದಲ್ಲಿಯೇ ಸಾರವಿದೆ: ಕಾಯುವವನೇ ಹಿಂಡಿಗಾಗಿ ಪ್ರಾಣವನ್ನಿತ್ತನು. ಕನ್ನಡ ಬೈಬಲ್ಲಿನ ‘ಕುರುಬ’ ಎಂಬ ಪದವು ಗ್ರಾಮ್ಯವೆಂದು ಮೂಗುಮುರಿಯುವವರುಂಟು. ‘ಗೋಪಾಲ’ನೆಂದಿದ್ದರೆ ಬೃಂದಾವನವೂ ವೇಣುನಾದವೂ ಕಣ್ಣೆದುರು ನಿಲ್ಲುತ್ತಿದ್ದವು, ತಪ್ಪಿಹೋದ ಒಂದು ಮರಿಗಾಗಿ ಅಡವಿಯಲ್ಲಿ ಅಲೆಯುವ ಶ್ರಮಜೀವಿಯು ಮರೆಯಾಗುತ್ತಿದ್ದನು. ಭಾಷಾಂತರಕಾರರ ಆಯ್ಕೆಯೇ ಸಾಧು.

ರೂಪಗಳ ಚರಿತ್ರೆಯೂ ಇದನ್ನೇ ಪುಷ್ಟೀಕರಿಸುತ್ತದೆ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ 3ನೆಯ ಶತಮಾನದಿಂದಲೇ ಕುರಿಯನ್ನು ಹೆಗಲಮೇಲೆ ಹೊತ್ತ ಕುರುಬನ ಚಿತ್ರಗಳಿವೆ. ಶಿಲುಬೆಯ ಮೇಲಿನ ಯೇಸುವಿನ ರೂಪವು ದೇವಾಲಯಗಳಲ್ಲಿ ತಡವಾಗಿ ಬಂದಿತು. ರೋಮಿನ ಸಾಂತಾ ಸಬೀನಾ ದೇವಾಲಯದ ಮರದ ಬಾಗಿಲಿನಲ್ಲಿರುವ 5ನೆಯ ಶತಮಾನದ ಕೆತ್ತನೆಯು ಅತಿ ಹಳೆಯವುಗಳಲ್ಲೊಂದು. ಶಿಲುಬೆಯು ದಾಸರಿಗೂ ದ್ರೋಹಿಗಳಿಗೂ ವಿಧಿಸುತ್ತಿದ್ದ ನಾಚಿಕೆಯ ಮರಣವಾಗಿತ್ತಷ್ಟೆ. ಮುಂದೆ ವಿಗ್ರಹಗಳ ವಿಷಯವಾಗಿಯೇ ಘೋರ ಕಲಹವೆದ್ದು, 787ರಲ್ಲಿ ನೈಸೀಯದ ಸಭೆಯು ಚಿತ್ರಕ್ಕೆ ಸಲ್ಲಿಸಿದ ಗೌರವವು ಮೂಲರೂಪಕ್ಕೆ ಸಲ್ಲುವುದೆಂದೂ, ಆರಾಧನೆಯು ದೇವರಿಗೆ ಮಾತ್ರವೆಂದೂ ನಿರ್ಣಯಿಸಿತು. ಇಂದಿಗೂ ಕಥೋಲಿಕರ ಶಿಲುಬೆಯಲ್ಲಿ ಯೇಸುವಿನ ದೇಹವಿರುತ್ತದೆ. ಪ್ರಾಟೆಸ್ಟಂಟರಲ್ಲಿ ಅನೇಕರ ಶಿಲುಬೆ ಬರಿದು. ಒಂದು ಯಾತನೆಯನ್ನು ನೆನೆಯುತ್ತದೆ, ಇನ್ನೊಂದು ಪುನರುತ್ಥಾನವನ್ನು.

ನಮ್ಮ ವಿದ್ಯಾವಂತರು ಯೇಸುವನ್ನು ‘ಅವನೂ ಒಬ್ಬ ಅವತಾರಪುರುಷ’ನೆಂದು ಸೇರಿಸಿಕೊಂಡು ಔದಾರ್ಯವನ್ನು ಮೆರೆಯುತ್ತಾರೆ. ಅವತಾರವು ಯುಗಯುಗದಲ್ಲಿಯೂ ಸಂಭವಿಸತಕ್ಕದ್ದು. ಕ್ರೈಸ್ತನ ನಂಬಿಕೆಯಾದರೋ ಒಮ್ಮೆ ಮಾತ್ರ ನಡೆದುದನ್ನು ಹಿಡಿದು ನಿಂತಿದೆ. ನೆರೆಮನೆಯವನ ದೇವರಿಗೆ ನಮ್ಮ ಹೆಸರನ್ನಿಟ್ಟು ಕೈಮುಗಿಯುವುದು ಸುಲಭ. ಅವನು ಯಾವ ಹೆಸರಿನಿಂದ ಕರೆಯುತ್ತಾನೆ, ಏಕೆ ಹಾಗೆ ಕರೆಯುತ್ತಾನೆ ಎಂದು ಕೇಳಿ ತಿಳಿಯುವುದೇ ನಿಜವಾದ ಗೌರವ. ಸಹೃದಯನಾದ ವಾಚಕನ ಧರ್ಮವೂ ಅದೇ.