ಬಾಯಾರಿಕೆಗೆ ಬೆಲೆ ಕಟ್ಟುವ ಮೇಳಗಳು

ಮೈಸೂರಿನಲ್ಲಿ ನಡೆದ ಒಂದು ಆಹಾರ ಮೇಳ. ಹೆಸರು ಬೇಡ. ಹೆಸರು ಹೇಳಿದರೆ ತಪ್ಪು ಆ ಒಂದು ಮೇಳದ್ದು ಮಾತ್ರ ಎಂದಾಗಿಬಿಡುತ್ತದೆ. ಖಾರದ ಮೆಣಸಿನಕಾಯಿ ಬಜ್ಜಿ ತಿಂದು ಕಣ್ಣಲ್ಲಿ ನೀರು ತುಂಬಿಕೊಂಡ ಮೊಮ್ಮಗನ ಕೈ ಹಿಡಿದು ಹಿರಿಯರೊಬ್ಬರು ಮಳಿಗೆಯ ಮುಂದೆ ಬಂದರು.

"ಒಂದು ಲೋಟ ನೀರು ಕೊಡಪ್ಪ."

"ಲೋಟದ ನೀರಿಲ್ಲ ತಾತ. ಬಾಟ್ಲಿ ಇದೆ. ಮೂವತ್ತು ರೂಪಾಯಿ."

"ಇದರ ಮೇಲೆ ಇಪ್ಪತ್ತು ಅಂತ ಬರ್ದಿದೆಯಲ್ಲಪ್ಪ?"

"ಅದು ಅಂಗಡಿ ರೇಟು. ಇದು ಮೇಳ. ಐಸಿನ ದುಡ್ಡು ಯಾರು ಕೊಡ್ತಾರೆ?"

ಹಿರಿಯರು ಮರುಮಾತಾಡದೆ ಹಣ ಕೊಟ್ಟರು. ಹುಡುಗ ಅಳುತ್ತಿದ್ದ. ಅಳುವ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಯಾರು ಚೌಕಾಶಿ ಮಾಡುತ್ತಾರೆ?

ಹತ್ತು ರೂಪಾಯಿಗೆ ಇಷ್ಟು ದೊಡ್ಡ ಮಾತೇ ಎಂದು ಕೇಳುವವರಿದ್ದಾರೆ. ಆದರೆ ಪ್ರಶ್ನೆ ಇರುವುದು ಹತ್ತು ರೂಪಾಯಿಯಲ್ಲಿ ಅಲ್ಲ. ಬಿರಿಯಾನಿ ದುಬಾರಿ ಅನಿಸಿದರೆ ಬಿಟ್ಟು ಬರಬಹುದು. ಹೋಳಿಗೆ ದುಬಾರಿ ಅನಿಸಿದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ನೀರನ್ನು ಹಾಗೆ ಬಿಡಲಾಗದು. ಖಾರ, ಉಪ್ಪು, ಎಣ್ಣೆಯ ನಡುವೆ ಎರಡು ಗಂಟೆ ಸುತ್ತಿದವನಿಗೆ ಬಾಯಾರಲೇಬೇಕು. ಅಂದರೆ ಮೇಳದಲ್ಲಿ ಊಟ ಗ್ರಾಹಕನ ಆಯ್ಕೆ, ನೀರು ಅವನ ಅನಿವಾರ್ಯತೆ. ಅನಿವಾರ್ಯತೆಗೆ ಬೆಲೆ ಕಟ್ಟುವಾಗ ವ್ಯಾಪಾರಕ್ಕೆ ಒಂದು ಮಿತಿ ಬೇಕು. ನಮ್ಮ ಮೇಳಗಳನ್ನು ವಿಮರ್ಶಿಸುವವರು ತಟ್ಟೆಯನ್ನು ನೋಡುತ್ತಾರೆ, ಲೋಟವನ್ನು ನೋಡುವುದಿಲ್ಲ.

ಮೈಸೂರಿಗೆ ಆಹಾರ ಮೇಳ ಹೊಸದೇನಲ್ಲ. ದಸರಾದ ಜೊತೆಗೆ ವರ್ಷಗಳ ಕಾಲ ಸ್ಕೌಟ್ಸ್ ಅಂಡ್ ಗೈಡ್ಸ್ ಮೈದಾನದಲ್ಲಿ ನಡೆದ ಆಹಾರ ಮೇಳ ನಾಡಿನ ಅಡುಗೆಗಳನ್ನೆಲ್ಲ ಒಂದು ಕಡೆ ತಂದಿತು. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಮಂಡ್ಯ ಕಡೆಯ ಮುದ್ದೆ, ಕರಾವಳಿಯ ಮೀನು ಅಲ್ಲಿ ಸಿಕ್ಕವು. ಎಚ್.ಡಿ. ಕೋಟೆ ಕಡೆಯ ಆದಿವಾಸಿಗಳು ಬಿದಿರಿನ ಬೊಂಬಿನೊಳಗೆ ಬೇಯಿಸುವ ಬಿರಿಯಾನಿಗೆ ಜನ ಸಾಲುಗಟ್ಟಿ ನಿಂತರು. ಕಾಡಿನ ಅಂಚಿನಲ್ಲಿ ಬದುಕುವವರ ಅಡುಗೆ ನಗರದ ನಡುವೆ ಗೌರವ ಪಡೆದದ್ದು ಸಣ್ಣ ಸಂಗತಿಯಲ್ಲ. ಮೇಳ ಎಂಬುದು ಬರೀ ವ್ಯಾಪಾರವಲ್ಲ, ಒಂದು ಸಮಾಜ ಇನ್ನೊಂದರ ಮನೆಯ ಊಟವನ್ನು ರುಚಿ ನೋಡುವ ಅವಕಾಶ ಎಂಬುದನ್ನು ಅದು ತೋರಿಸಿಕೊಟ್ಟಿತು.

ಅಡುಗೆಗೆ ಸಿಕ್ಕ ಈ ಗೌರವ ಪಾನೀಯಕ್ಕೆ ಯಾಕೆ ಸಿಗುವುದಿಲ್ಲ? ನಾಡಿನ ಯಾವ ಮೇಳಕ್ಕೆ ಹೋದರೂ ಸಾಮಾನ್ಯವಾಗಿ ಕಾಣುವ ದೃಶ್ಯ ಒಂದೇ. ತಿನ್ನಲು ನೂರು ಬಗೆ, ಕುಡಿಯಲು ನಾಲ್ಕೇ ಬಗೆ. ನೀರಿನ ಬಾಟಲಿ, ಕೋಲಾ, ಬಣ್ಣದ ಸೋಡಾ, ಟೀ-ಕಾಫಿ. ಅದೃಷ್ಟವಿದ್ದರೆ ಒಂದು ಮೂಲೆಯಲ್ಲಿ ಕಬ್ಬಿನ ಹಾಲಿನ ಗಾಣ. ಬಿದಿರಿನಲ್ಲಿ ಬೆಂದ ಅನ್ನವನ್ನು ತಿಂದು ಅದರ ಮೇಲೆ ಅಮೆರಿಕದ ಕಂಪೆನಿಯ ಸಕ್ಕರೆ ನೀರನ್ನು ಕುಡಿದು ಮನೆಗೆ ಹೋಗುವುದನ್ನು ನಾವು ಸಂಸ್ಕೃತಿ ಎಂದು ಕರೆಯುತ್ತಿದ್ದೇವೆ.

ಹಾಗಂತ ನಮ್ಮಲ್ಲಿ ಪಾನೀಯಗಳಿಗೆ ಬರವಿದೆಯೇ? ಮೈಸೂರಿನಿಂದ ಒಂದೂವರೆ ಗಂಟೆಯ ದಾರಿಯಲ್ಲಿರುವ ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ದೂರದ ರಾಜ್ಯಗಳಿಗೂ ಲಾರಿಗಳು ಹೋಗುತ್ತವೆ. ಮಂಡ್ಯದ ಕಬ್ಬು ಪಕ್ಕದಲ್ಲೇ ಇದೆ. ಬಯಲುಸೀಮೆಯ ರಾಗಿ ಅಂಬಲಿ, ಕರಾವಳಿಯ ಪುನರ್ಪುಳಿ ಶರಬತ್ತು, ನನ್ನಾರಿ ಶರಬತ್ತು, ಇಂಗು-ಕರಿಬೇವು ಹಾಕಿದ ನೀರುಮಜ್ಜಿಗೆ, ರಾಮನವಮಿಯ ಬೆಲ್ಲದ ಪಾನಕ ಇವೆ. ರಂಜಾನಿನ ಸಂಜೆ ಮಂಡಿ ಮೊಹಲ್ಲಾದ ಕಡೆ ನಡೆದರೆ ಕಾಮಕಸ್ತೂರಿ ಬೀಜ ತೇಲುವ ಶರಬತ್ತು, ಫಾಲೂದಾ ಕಣ್ಣಿಗೆ ಬೀಳುತ್ತವೆ. ಕಾಫಿಯಂತೂ ನಮ್ಮದೇ ಕತೆ. ಯೆಮನ್‌ನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂದು ಜನ ಹೇಳುವ ಬಾಬಾ ಬುಡನ್ ಅವರ ಹೆಸರಿನಲ್ಲೇ ಆ ಗಿರಿ ಇದೆ. ಜಾತಿ, ಮತಗಳನ್ನು ದಾಟಿ ಇಡೀ ದಕ್ಷಿಣ ಭಾರತದ ಬೆಳಗನ್ನು ಆಳುವ ಪಾನೀಯವೊಂದರ ಕತೆ ಒಬ್ಬ ಸೂಫಿಯಿಂದ ಶುರುವಾಗುತ್ತದೆ. ಇಷ್ಟು ದೊಡ್ಡ ಪರಂಪರೆ ಇರುವ ನಾಡಿನ ಮೇಳದಲ್ಲಿ ಕುಡಿಯಲು ಏನಿದೆ ಎಂದು ಕೇಳಿದರೆ ತಣ್ಣನೆಯ ಪೆಟ್ಟಿಗೆಯ ಕಡೆಗೆ ಬೆರಳು ತೋರಿಸುತ್ತಾರೆ.

ಇದಕ್ಕೆ ಕಾರಣ ಬೆಲೆಯಲ್ಲಿದೆ. 2023ರಲ್ಲಿ ಕ್ಯಾಂಪಾ ಕೋಲಾ ಮತ್ತೆ ಮಾರುಕಟ್ಟೆಗೆ ಬಂದ ಮೇಲೆ 200 ಮಿ.ಲೀ. ಬಾಟಲಿ ಹತ್ತು ರೂಪಾಯಿಗೆ ಸಿಗುವಂತಾಯಿತು. ಇತ್ತ ಎಳನೀರಿನ ಬೆಲೆ 2025ರಲ್ಲಿ ನಗರಗಳಲ್ಲಿ ಐವತ್ತು ರೂಪಾಯಿ ಮುಟ್ಟಿತು, ಕೆಲವೆಡೆ ದಾಟಿತು. ನಾಲ್ಕು ಮಕ್ಕಳನ್ನು ಕರೆದುಕೊಂಡು ಬಂದ ತಾಯಿಗೆ ಎಳನೀರಾದರೆ ಇನ್ನೂರು ರೂಪಾಯಿ, ಕೋಲಾ ಆದರೆ ನಲವತ್ತು. ಅವಳು ಯಾವುದನ್ನು ಕೊಡಿಸಬೇಕು? ಕೋಲಾ ಕೊಡಿಸಿದ ತಾಯಿಗೆ ಆರೋಗ್ಯದ ಪಾಠ ಹೇಳುವುದು ಸುಲಭ. ಆದರೆ ಆ ಆಯ್ಕೆಯನ್ನು ಮಾಡಿದ್ದು ಅವಳಲ್ಲ, ದರಪಟ್ಟಿ. ಅಂಥ 200 ಮಿ.ಲೀ. ಕೋಲಾದಲ್ಲಿ ಸುಮಾರು 20 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ 25 ಗ್ರಾಂನಷ್ಟಕ್ಕೆ ಸಕ್ಕರೆಯನ್ನು ಇಳಿಸಿಕೊಂಡರೆ ದೊಡ್ಡವರಿಗೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಒಂದು ಬಾಟಲಿಯಲ್ಲಿ ಮಗುವಿನ ದಿನದ ಲೆಕ್ಕ ಹೆಚ್ಚುಕಡಿಮೆ ಮುಗಿದೇಹೋಯಿತು.

ಎರಡು ದಶಕದ ಹಿಂದೆ ಕೋಲಾದ ಚರ್ಚೆ ಬೇರೆ ರೀತಿಯದ್ದಾಗಿತ್ತು. ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಾಡದಲ್ಲಿ ಅಂತರ್ಜಲ ಬತ್ತಿತೆಂದು ಆದಿವಾಸಿ ಮಹಿಳೆಯರು 2002ರಲ್ಲಿ ಹೋರಾಟಕ್ಕಿಳಿದರು. 2004ರಲ್ಲಿ ಕಾರ್ಖಾನೆ ನಿಂತಿತು. ಆಗ ಪ್ರಶ್ನೆ ಇದ್ದದ್ದು ಬಾವಿಯ ನೀರಿನ ಬಗ್ಗೆ. ಈಗ ಅದು ಮಗುವಿನ ನಾಲಗೆಯ ಬಗ್ಗೆ. ಹಬ್ಬದ ದಿನ ಏನು ಕುಡಿದೆವೋ ಅದೇ ಹಬ್ಬದ ರುಚಿಯಾಗಿ ಮನಸ್ಸಿನಲ್ಲಿ ಉಳಿಯುತ್ತದೆ. ಪಾನಕದ ರುಚಿ ಗೊತ್ತಿಲ್ಲದ ಮಗು ನಾಳೆ ಪಾನಕವನ್ನು ಕೇಳುವುದಿಲ್ಲ. ಕೇಳುವವರಿಲ್ಲದ ಮೇಲೆ ಮಾಡುವವರೂ ಇರುವುದಿಲ್ಲ.

ಇನ್ನು ಬಾಟಲಿ ನೀರಿನ ಬೆಲೆಗೆ ಬರೋಣ. 2011ರ ಕಾನೂನು ಮಾಪನಶಾಸ್ತ್ರ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಗಿಂತ ಹೆಚ್ಚಿಗೆ ಚಿಲ್ಲರೆ ವ್ಯಾಪಾರಿ ಮಾರುವಂತಿಲ್ಲ. ಒಂದೇ ವಸ್ತುವಿಗೆ ಅಂಗಡಿಗೊಂದು, ವಿಮಾನ ನಿಲ್ದಾಣಕ್ಕೊಂದು ಎಂದು ಎರಡು ಬೆಲೆ ಮುದ್ರಿಸುವ ಚಾಳಿಗೂ 2018ರ ಜನವರಿ 1ರಿಂದ ತಡೆ ಬಿದ್ದಿದೆ. ಆದರೆ ಹೆಚ್ಚು ಬೆಲೆಯನ್ನು ಸಮರ್ಥಿಸುವವರು ಸುಪ್ರೀಂ ಕೋರ್ಟಿನ 2017ರ ಡಿಸೆಂಬರ್ ತೀರ್ಪನ್ನು ಮುಂದಿಡುತ್ತಾರೆ. ಹೋಟೆಲು, ರೆಸ್ಟೋರೆಂಟುಗಳು ಬಾಟಲಿ ನೀರಿಗೆ ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯಬಹುದು ಎಂದು ಆ ತೀರ್ಪು ಹೇಳಿದ್ದು ನಿಜ. ಆದರೆ ಯಾಕೆ? ಅಲ್ಲಿಗೆ ಹೋಗುವವನು ಬರೀ ಬಾಟಲಿ ಕೊಳ್ಳಲು ಹೋಗುವುದಿಲ್ಲ, ಕುರ್ಚಿ, ಮೇಜು, ವಾತಾವರಣ, ಬಡಿಸುವವರ ಸೇವೆ ಎಲ್ಲವೂ ಆ ಬೆಲೆಯಲ್ಲಿ ಸೇರಿದೆ ಎಂಬುದು ಅದರ ತರ್ಕ. ಮೈದಾನದ ಧೂಳಿನಲ್ಲಿ ನಿಂತು, ನೂಕುನುಗ್ಗಲಿನಲ್ಲಿ ಕೈ ಚಾಚಿ ಬಾಟಲಿ ತೆಗೆದುಕೊಳ್ಳುವವನಿಗೆ ಸಿಗುವ ಸೇವೆ ಯಾವುದು? ಕೂರಲು ಕುರ್ಚಿಯೂ ಇಲ್ಲದ ಕಡೆ ಕುರ್ಚಿಯ ಬೆಲೆ ಕೇಳುವುದು ನ್ಯಾಯವಲ್ಲ.

ಸಿನಿಮಾ ಮಂದಿರಗಳ ವಿಷಯದಲ್ಲಿ ಅದೇ ನ್ಯಾಯಾಲಯ 2023ರ ಜನವರಿಯಲ್ಲಿ ಕೊಟ್ಟ ತೀರ್ಪನ್ನೂ ನೋಡಬೇಕು. ಹೊರಗಿನ ತಿಂಡಿಯನ್ನು ಒಳಗೆ ಬಿಡದಿರುವ ಹಕ್ಕು ಮಂದಿರದ ಮಾಲಿಕನಿಗಿದೆ, ಆದರೆ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಒದಗಿಸಬೇಕು ಎಂಬುದು ಅದರ ಸಾರ. ಗೇಟಿನಲ್ಲಿ ಚೀಲ ತಪಾಸಣೆ ಮಾಡಿ ಮನೆಯ ನೀರಿನ ಬಾಟಲಿಯನ್ನು ತೆಗೆದಿಡುವ ಮನರಂಜನಾ ಪಾರ್ಕುಗಳಿಗೆ, ಟಿಕೆಟ್ ಇಟ್ಟು ನಡೆಸುವ ಮೇಳಗಳಿಗೆ ಈ ವಿವೇಕ ಯಾಕೆ ಅನ್ವಯವಾಗಬಾರದು? ಮನೆಯ ನೀರನ್ನು ತಡೆದವನ ಮೇಲೆ ನೀರು ಕೊಡುವ ಹೊಣೆಯೂ ಬೀಳಬೇಕಲ್ಲವೇ?

ತೆರಿಗೆಯೂ ಈ ನಡುವೆ ಬದಲಾಗಿದೆ. 2025ರ ಸೆಪ್ಟೆಂಬರ್ 22ರಂದು ಲೇಖಕಿ ಬಾನು ಮುಷ್ತಾಕ್ ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಕಾಕತಾಳೀಯವೆಂಬಂತೆ ಅದೇ ದಿನ ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದವು. ಬಾಟಲಿ ನೀರಿನ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಕೋಲಾದಂಥ ಪಾನೀಯಗಳು ಶೇ. 40ರಲ್ಲೇ ಉಳಿದವು. ರೈಲ್ವೆಯವರು ಒಂದು ಲೀಟರ್ ರೈಲ್ ನೀರ್ ಬಾಟಲಿಯ ಬೆಲೆಯನ್ನು 15ರಿಂದ 14 ರೂಪಾಯಿಗೆ ಇಳಿಸಿದರು. ಓಡುವ ರೈಲಿನ ಪ್ರಯಾಣಿಕನಿಗೆ 14 ರೂಪಾಯಿಗೆ ನೀರು ಕೊಡಲು ಸಾಧ್ಯವಾದರೆ, ನಗರದ ನಡುವಿನ ಮೈದಾನದಲ್ಲಿ ಅದರ ದುಪ್ಪಟ್ಟು ಯಾಕೆ? ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಸಿಗುವುದುಂಟು. ಲೀಟರಿಗೆ 25 ಪೈಸೆ. ಅದೇ ಮೇಳದ ಬಾಟಲಿಗೆ ಮೂವತ್ತು ರೂಪಾಯಿ ಎಂದರೆ ನೂರಿಪ್ಪತ್ತು ಪಟ್ಟು.

ಬಾಟಲಿಗಾದರೂ ಮುದ್ರಿತ ಬೆಲೆ ಇದೆ. ಲೋಟದಲ್ಲಿ ಮಾರುವ ಪಾನೀಯಕ್ಕೆ ಅದೂ ಇಲ್ಲ. ಕಬ್ಬಿನ ಹಾಲು ಒಂದು ಗ್ಲಾಸಿಗೆ ಇಷ್ಟು ಎನ್ನುತ್ತಾರೆ. ಗ್ಲಾಸು ಎಷ್ಟು ದೊಡ್ಡದು? ಅದರಲ್ಲಿ ಹಾಲೆಷ್ಟು, ಐಸೆಷ್ಟು? ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಅಳತೆ ಇಲ್ಲದ ಬೆಲೆ ಬೆಲೆಯೇ ಅಲ್ಲ. ತೂಕದಲ್ಲಿ ಮೋಸ ಮಾಡಬಾರದು ಎಂಬುದು ಎಲ್ಲ ಧರ್ಮಗಳೂ ಹೇಳಿದ ಮಾತು. ತಕ್ಕಡಿಗೆ ಅನ್ವಯಿಸುವ ಆ ಮಾತನ್ನು ಲೋಟಕ್ಕೂ ಅನ್ವಯಿಸಿ ನೋಡಬೇಕು.

ಇಷ್ಟೆಲ್ಲ ಹೇಳಿ ತಪ್ಪನ್ನು ಪೂರ್ತಿಯಾಗಿ ಮಳಿಗೆಯವನ ತಲೆಗೆ ಕಟ್ಟಿದರೆ ಅದೂ ಅನ್ಯಾಯವೇ. ಆತನೂ ಸಣ್ಣ ವ್ಯಾಪಾರಿ. ಹತ್ತು ದಿನದ ಮಳಿಗೆಗೆ ಬಾಡಿಗೆ, ವಿದ್ಯುತ್ತು, ಇಬ್ಬರು ಹುಡುಗರ ಕೂಲಿ, ಐಸು, ಸಾಗಾಟ. ಒಂದು ಸಂಜೆ ಮಳೆ ಹೊಡೆದರೆ ಆ ದಿನದ ವ್ಯಾಪಾರ ನೀರಿನಲ್ಲಿ ಹೋಮ. ಬಾಡಿಗೆಯನ್ನು ಮುಂಗಡವಾಗಿ ಕಟ್ಟಿದವನು ಅದನ್ನು ಎಲ್ಲಿಂದಲಾದರೂ ಎತ್ತಲೇಬೇಕು. ಆಗ ಅವನ ಕಣ್ಣು ಹೋಗುವುದು ಗಿರಾಕಿ ಬೇಡ ಎನ್ನಲಾಗದ ವಸ್ತುವಿನ ಮೇಲೆ. ಮಜ್ಜಿಗೆಯನ್ನು ಬೆಳಗ್ಗೆಯೇ ಕಡೆಯಬೇಕು, ಸಂಜೆಯೊಳಗೆ ಖಾಲಿಯಾಗದಿದ್ದರೆ ಚೆಲ್ಲಬೇಕು. ಬಾಟಲಿ ಮಾತ್ರ ಇವತ್ತು ಮಾರದಿದ್ದರೆ ನಾಳೆ ಮಾರುತ್ತದೆ. ಹೀಗೆ ಬಾಡಿಗೆಯ ಲೆಕ್ಕವೇ ಪಾನಕವನ್ನು ಹೊರಗಟ್ಟಿ ಬಾಟಲಿಯನ್ನು ಒಳಗೆ ಕರೆಯುತ್ತದೆ. ಆದ್ದರಿಂದ ಉತ್ತರ ಹೇಳಬೇಕಾದವರು ಮಳಿಗೆಯವರಿಗಿಂತ ಮೊದಲು ಮೇಳ ಆಯೋಜಿಸುವವರು.

ಅವರು ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ಮೊದಲನೆಯದು, ಪ್ರವೇಶದ್ವಾರದಲ್ಲೂ ಊಟದ ಸಾಲುಗಳ ನಡುವೆಯೂ ಉಚಿತ ನೀರು, ತೊಳೆದಿಟ್ಟ ಸ್ಟೀಲ್ ಲೋಟ. ಎರಡನೆಯದು, ನಾಡಿನ ಪಾನೀಯ ಮಾರುವವರಿಗೆ ಬಾಡಿಗೆಯಲ್ಲಿ ದೊಡ್ಡ ರಿಯಾಯಿತಿ, ಬದಲಿಗೆ ಲೋಟಕ್ಕೆ ನಿಗದಿತ ದರ. ಮೂರನೆಯದು, ಪ್ರತಿ ಮಳಿಗೆಯ ಮುಂದೆ ಅಳತೆ ಮತ್ತು ಬೆಲೆ ಎರಡನ್ನೂ ಬರೆದ ಫಲಕ. ನಾಲ್ಕನೆಯದು, ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದರೆ ದೂರು ಕೊಡಲು ಮೇಳದಲ್ಲೇ ಒಬ್ಬ ಅಧಿಕಾರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಸರಿ. ಆದರೆ ಮಗು ಅಳುತ್ತಿರುವಾಗ ಫೋನು ತಿರುಗಿಸುವ ವ್ಯವಧಾನ ಯಾರಿಗಿರುತ್ತದೆ? 2025ರ ಅಕ್ಟೋಬರ್ ಕೊನೆಯಲ್ಲಿ ಮೈಸೂರಿನವರೇ ಆದ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಸರಕಾರಿ ಸಭೆ-ಸಮಾರಂಭಗಳಲ್ಲಿ ಪ್ಲಾಸ್ಟಿಕ್ ಬಾಟಲಿ ನೀರು ಬೇಡ, ನಂದಿನಿ ಉತ್ಪನ್ನಗಳನ್ನೇ ಬಳಸಿ ಎಂದು ಸೂಚಿಸಿದರು. ಅಧಿಕಾರಿಗಳ ಮೇಜಿನ ಮೇಲೆ ಬೇಡವಾದ ಬಾಟಲಿ ಜನರ ಮೇಳಕ್ಕೆ ಮಾತ್ರ ಯಾಕೆ ಬೇಕು?

ಇದ್ಯಾವುದೂ ಹೊಸ ಕಲ್ಪನೆಯಲ್ಲ. ದಾರಿಹೋಕರಿಗಾಗಿ ಅರವಟ್ಟಿಗೆ ಇಡಿಸಿದ್ದನ್ನು, ಅದಕ್ಕೆ ದತ್ತಿ ಬಿಟ್ಟದ್ದನ್ನು ನಮ್ಮ ಹಳೆಯ ಶಾಸನಗಳು ಪುಣ್ಯದ ಕೆಲಸವೆಂದು ಕಲ್ಲಿನಲ್ಲಿ ಕೆತ್ತಿವೆ. ಮೊಹರ್ರಮ್ ದಿನಗಳಲ್ಲಿ ಮೊಹಲ್ಲಾದ ಹುಡುಗರು ಸಬೀಲ್ ಹಾಕಿ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಶರಬತ್ತು ಕೊಡುತ್ತಾರೆ. ಕರ್ಬಲಾದಲ್ಲಿ ನೀರು ಸಿಗದೆ ಬಳಲಿದವರ ನೆನಪು ಅದು. ರಾಮನವಮಿಯ ದಿನ ಬೀದಿಬೀದಿಯಲ್ಲಿ ಪಾನಕ, ಮಜ್ಜಿಗೆ. ಕುಡಿಯುವವನ ಹೆಸರನ್ನು ಅರವಟ್ಟಿಗೆಯವನೂ ಕೇಳಲಿಲ್ಲ, ಸಬೀಲಿನವನೂ ಕೇಳಲಿಲ್ಲ. ಒಂದೇ ನಗರದ ಎರಡು ಸಮುದಾಯಗಳು ತಮಗೆ ತಾವೇ ಕಲಿತ ಒಂದೇ ಪಾಠ ಇದು: ಬಾಯಾರಿದವನ ಜೊತೆ ವ್ಯಾಪಾರ ಮಾಡಬಾರದು.

ಮುಂದಿನ ದಸರಾಕ್ಕೆ ಮೇಳ ಮತ್ತೆ ಬರುತ್ತದೆ. ಎಷ್ಟು ಮಳಿಗೆ, ಎಷ್ಟು ಬಗೆಯ ಖಾದ್ಯ, ಎಷ್ಟು ವಹಿವಾಟು ಎಂದು ಪತ್ರಿಕೆಗಳು ಲೆಕ್ಕ ಕೊಡುತ್ತವೆ. ನಾವು ಬೇರೆ ಒಂದು ಲೆಕ್ಕ ಕೇಳೋಣ. ಮೊಮ್ಮಗನ ಕೈ ಹಿಡಿದು ಬಂದ ಹಿರಿಯರು ಒಂದು ಲೋಟ ನೀರು ಕೇಳಿದಾಗ ಅವರಿಗೆ ಲೋಟ ಸಿಕ್ಕಿತೇ, ಬಿಲ್ಲು ಸಿಕ್ಕಿತೇ?